ನಾಲ್ಕನೆಯ ಮೊನೆ

"ಹರಿಣಾಕ್ಷಿ, ನಿನಗೆ ಗುಟ್ಟು ಇಟ್ಟುಕೊಳ್ಳಲಿಕ್ಕೆ ಬರ್ತದಾ?"

ಬೆಳುವಾಯಿ ಪೇಟೆಯಿಂದ ತುಸು ಒಳಗಿರುವ ತನ್ನ ಕಡೆತದ ಅಂಗಡಿಯಲ್ಲಿ ತೊಟ್ಟಿಲ ಗುಬ್ಬಿಯೊಂದಕ್ಕೆ ಕೊನೆಯ ನಯ ಕೊಡುತ್ತಿದ್ದ ಹರಿಣಾಕ್ಷಿ ಲೇತ್ ನಿಲ್ಲಿಸಿ ತಲೆಯೆತ್ತಿದಳು. ಬಾಗಿಲಲ್ಲಿ ಶಂಕರಿ ಟೀಚರ್ ನಿಂತಿದ್ದರು. ಮೂವತ್ತೆರಡು ವರ್ಷ ಮೂಡುಬಿದಿರೆಯ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರು ಎದುರು ಬಂದರೆ ಐವತ್ತು ದಾಟಿದ ಗಂಡಸರೂ ಮಡಚಿ ಕಟ್ಟಿದ ಲುಂಗಿಯನ್ನು ಇಳಿಸಿಕೊಳ್ಳುತ್ತಾರೆ. ಅಂಥವರ ಕೈಯಲ್ಲಿ ಹಳೆಯ ನೂಲಿನ ಸೀರೆಯಲ್ಲಿ ಸುತ್ತಿದ ಉದ್ದನೆಯ ಕಟ್ಟೊಂದಿತ್ತು. ಮುಖದಲ್ಲಿ ಮನೆಕೆಲಸ ಮಾಡದೆ ಶಾಲೆಗೆ ಬಂದ ಹುಡುಗಿಯ ಕಳೆಯಿತ್ತು.

"ಬನ್ನಿ ಟೀಚರ್, ಕೂತ್ಕೊಳ್ಳಿ. ಎಂತ ಗುಟ್ಟು?" ಹರಿಣಾಕ್ಷಿ ಸ್ಟೂಲಿನ ಮೇಲಿನ ಮರದ ಹುಡಿಯನ್ನು ಸೆರಗಿನಲ್ಲಿ ಒರೆಸಿದಳು.

ಟೀಚರ್ ಕೂರಲಿಲ್ಲ. ಕಟ್ಟನ್ನು ಮೇಜಿನ ಮೇಲೆ ಬಿಚ್ಚಿದರು. ಒಳಗೊಂದು ಕೋಲು. ಹಿಡಿಯ ಕಡೆ ಕಡುಗಪ್ಪು, ಮುಂದಕ್ಕೆ ಬೆಣ್ಣೆಯ ಬಣ್ಣ. ತುದಿಯ ಒಂದು ಗೇಣು ಮಾತ್ರ ಬೇರೆಯಾಗಿ ಬಿದ್ದಿತ್ತು, ಮುರಿದ ಜಾಗ ಪೊರಕೆಯ ಕಡ್ಡಿಯಂತೆ ಸಿಬಿರೆದ್ದಿತ್ತು.

"ಬಿಲಿಯರ್ಡ್ಸ್ ಆಡುವ ಕೋಲು," ಎಂದರು ಟೀಚರ್. "ಇವರದ್ದು. ನೂರು ವರ್ಷದ್ದಂತೆ, ಲಂಡನ್‌ನಲ್ಲಿ ಮಾಡಿದ್ದಂತೆ. ಚಿಕ್ಕಮಗಳೂರು ಕಡೆ ಬ್ಯಾಂಕಿನಲ್ಲಿದ್ದಾಗ ಅಲ್ಲಿಯ ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಒಬ್ಬರು ಇವರ ಆಟ ಮೆಚ್ಚಿ ಕೊಟ್ಟದ್ದು. ನನ್ನ ಕನ್ನಡಕ ಕಬ್ಬಿಣದ ಕಪಾಟಿನ ಹಿಂದೆ ಬಿತ್ತು ಮಾರಾಯ್ತಿ. ಎಳೆಯುವ ಅಂತ ಇದನ್ನು ಹಾಕಿದೆ. ಸಿಕ್ಕಲಿಲ್ಲ. ಆಗ ಕಪಾಟನ್ನೇ ಸ್ವಲ್ಪ ಮೀಟುವ ಅಂತ..."

"ಇದರಲ್ಲಿ ಕಪಾಟು ಮೀಟಿದ್ರಾ ಟೀಚರ್?"

"ಸನ್ನೆಗೋಲಿನ ಪಾಠ ಮೂವತ್ತೆರಡು ವರ್ಷ ಮಾಡಿದವಳು ನಾನು! ಲೆಕ್ಕ ಎಲ್ಲ ಸರಿಯೇ ಇತ್ತು. ಕೋಲು ಮುರೀತದೆ ಅಂತ ಪಾಠದಲ್ಲಿ ಎಲ್ಲಿಯೂ ಇಲ್ಲ." ಟೀಚರ್ ನಿಟ್ಟುಸಿರಿಟ್ಟರು. "ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರೆ. ಇಲ್ಲಿ ಹಾವು ಇರಲೇ ಇಲ್ಲ. ಕೋಲು ಮಾತ್ರ ಮುರೀತು."

ಹರಿಣಾಕ್ಷಿಗೆ ನಗು ತಡೆಯಲಾಗಲಿಲ್ಲ. ಟೀಚರ್ ಕೂಡ ನಕ್ಕರು, ಆದರೆ ಬೇಗ ನಿಲ್ಲಿಸಿದರು. ಗಂಡ ವೇಣುಗೋಪಾಲ ನಿನ್ನೆಯಷ್ಟೇ ಹಳೆಯ ಸಹೋದ್ಯೋಗಿಗಳ ಜೊತೆ ಕಾಶಿಗೆ ಹೊರಟಿದ್ದರು. ಬರುವುದು ಹದಿನೆಂಟು ದಿನಕ್ಕೆ. ಬಂದ ಮೊದಲ ಭಾನುವಾರವೇ ಬಿ.ಸಿ. ರೋಡಿನ ಸ್ನೂಕರ್ ಪಾರ್ಲರಿಗೆ ಈ ಕೋಲು ಹಿಡಿದು ಹೋಗುವುದು ಖಂಡಿತ. ಇಷ್ಟು ವರ್ಷವಾದರೂ ಒಂದು ಗೀರು ಬಿದ್ದಿಲ್ಲ ಎಂದು ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುವ ಮನುಷ್ಯ ಅವರು.

"ಅವರಿಗೆ ಗೊತ್ತಾಗದ ಹಾಗೆ ಮಾಡಿಕೊಡಬೇಕು. ನಿನ್ನಿಂದ ಆಗ್ತದಾ?"

ಆಗುತ್ತದೋ ಇಲ್ಲವೋ ಹರಿಣಾಕ್ಷಿಗೆ ಗೊತ್ತಿರಲಿಲ್ಲ. ಅಪ್ಪ ಬಿಟ್ಟುಹೋದ ಲೇತಿನಲ್ಲಿ ಇಪ್ಪತ್ತು ವರ್ಷಗಳಿಂದ ಲಟ್ಟಣಿಗೆ, ಕಡೆಗೋಲು, ತೊಟ್ಟಿಲು, ಮೆಟ್ಟಿಲ ಕಂಬಿ ಕಡೆದವಳು ಅವಳು. ಬಿಲಿಯರ್ಡ್ಸ್ ಎಂಬ ಆಟವನ್ನು ಟೀವಿಯಲ್ಲೂ ನೋಡಿದವಳಲ್ಲ. ಆದರೆ ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇವರದೇ ಗಣಿತಕ್ಕೆ ಮೂವತ್ತಾರು ತೆಗೆದವಳ ಬಳಿಗೆ ಶಂಕರಿ ಟೀಚರೇ ಬಂದು ನಿನ್ನಿಂದ ಆಗುತ್ತದಾ ಎಂದು ಕೇಳಿದರೆ ಇಲ್ಲ ಎನ್ನುವುದು ಹೇಗೆ?

"ಆಗ್ತದೆ ಟೀಚರ್," ಎಂದಳು.

ಮೊದಲ ಮೂರು ದಿನ ಏನೂ ಆಗಲಿಲ್ಲ. ಮುರಿದ ಎರಡು ತುಂಡುಗಳನ್ನು ಹಾಗೆಯೇ ಅಂಟಿಸುವಂತಿರಲಿಲ್ಲ. ಸಿಬಿರಿನಲ್ಲಿ ಅರ್ಧ ಕಪಾಟಿನ ಹಿಂದೆಯೇ ಉದುರಿತ್ತು. ಹೊಸ ತುದಿ ಮಾಡಬೇಕು. ಅದು ಹೆಬ್ಬೆರಳಿನ ಗಾತ್ರದಿಂದ ಕಿರುಬೆರಳಿನ ಗಾತ್ರಕ್ಕೆ ಕಣ್ಣಿಗೆ ತಿಳಿಯದಂತೆ ಸಣ್ಣದಾಗುತ್ತ ಹೋಗಬೇಕು. ಅವಳು ಅಭ್ಯಾಸಕ್ಕೆಂದು ತೇಗದ ಉದ್ದ ಪಟ್ಟಿಯೊಂದನ್ನು ಲೇತಿಗೆ ಕಟ್ಟಿ ತಿರುಗಿಸಿದಳು. ದಪ್ಪವಿರುವಷ್ಟು ಹೊತ್ತು ಸುಮ್ಮನಿದ್ದ ಪಟ್ಟಿ ತೆಳ್ಳಗಾಗುತ್ತಿದ್ದಂತೆ ಮಕ್ಕಳು ತಿರುಗಿಸುವ ಹಗ್ಗದ ಹಾಗೆ ನಡುವಿನಲ್ಲಿ ಕುಣಿಯತೊಡಗಿತು. ಉಳಿ ತಾಗಿಸಿದ್ದೇ ತಡ, ಚಟ್ಟನೆ ಮುರಿದು ಮಾಡಿನ ಹಂಚಿಗೆ ಹೋಗಿ ಬಡಿಯಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಅವಳು ಮೊದಲೇ ಬಗ್ಗಿ ಕುಳಿತಿದ್ದಳು.

ನಾಲ್ಕನೆಯ ದಿನ ಅವಳು ಯಂತ್ರಕ್ಕೆ ರಜೆ ಕೊಟ್ಟು ಕೋಲನ್ನೇ ಎದುರಿಗಿಟ್ಟುಕೊಂಡು ಕುಳಿತಳು. ಬೆಳಕಿಗೆ ಓರೆಯಾಗಿ ಹಿಡಿದಾಗ ಬಿಳಿ ಮರದ ಉದ್ದಕ್ಕೂ ಎಳೆ ಎಳೆಯಾದ ಸಮತಟ್ಟು ಪಟ್ಟಿಗಳು ಕಂಡವು. ಸುತ್ತಲೂ ಬಳೆಯಂತೆ ಬೀಳುವ ಲೇತಿನ ಗೆರೆ ಒಂದೂ ಇರಲಿಲ್ಲ. ಇದನ್ನು ಮಾಡಿದವನು ಯಂತ್ರಕ್ಕೆ ಹಾಕಿಯೇ ಇರಲಿಲ್ಲ! ಚೌಕದ ಮರವನ್ನು ಕೀಸುಳಿಯಿಂದ ಎಂಟು ಮೂಲೆ ಮಾಡಿ, ಎಂಟನ್ನು ಹದಿನಾರು ಮಾಡಿ, ಕೀಸುತ್ತ ಕೀಸುತ್ತ ಗುಂಡಗೆ ಮಾಡಿದ್ದ. ನೂರು ವರ್ಷದ ಹಿಂದೆ ಎಲ್ಲಿಯೋ ಒಬ್ಬ ಮನುಷ್ಯ ಕಿಟಕಿಯ ಪಕ್ಕ ನಿಂತು ಬರೀ ಕೈಯಿಂದ ಇದನ್ನು ಕೀಸಿದ್ದಾನೆ ಎಂದು ತೋರಿ ಅವಳಿಗೆ ಮೈ ಜುಮ್ಮೆಂದಿತು.

ಹಿಡಿಯ ಕಡೆಯ ಕೆಲಸ ಇನ್ನೂ ಸೊಗಸು. ಕಪ್ಪು ಕರಿಮರದಿಂದ ನಾಲ್ಕು ಚೂಪು ಮೊನೆಗಳು ಬಿಳಿ ಮರದೊಳಕ್ಕೆ ಏರಿ ಹೋಗಿದ್ದವು, ನಾಲ್ಕೂ ಒಂದೇ ಎತ್ತರ. ಇಷ್ಟು ಚೂಪಾಗಿ ಹೇಗೆ ಕೊರೆದು ಕೂರಿಸಿದರೋ ಎಂದು ಅವಳು ಇಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡಳು. ಉತ್ತರ ಸಿಕ್ಕಿದ್ದು ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ಚೂಪು ಮಾಡುವಾಗ. ಮೂಲೆಯುಳ್ಳ ಪೆನ್ಸಿಲನ್ನು ಕೊರೆದರೆ ಬಣ್ಣದ ಅಂಚು ತಾನಾಗಿಯೇ ಅಲೆಯಲೆಯಾಗಿ ನಿಲ್ಲುತ್ತದಲ್ಲ, ಇದೂ ಹಾಗೆಯೇ. ಬಿಳಿ ಮರದ ಬುಡವನ್ನು ಬೆಣೆಯಂತೆ ಇಳಿಜಾರು ಮಾಡಿ, ನಾಲ್ಕು ಮಗ್ಗುಲಿಗೆ ಕರಿಮರದ ನಾಲ್ಕು ಪಟ್ಟಿ ಅಂಟಿಸಿ, ಒಟ್ಟಿಗೆ ಗುಂಡಗೆ ಕೀಸಿದರೆ ಮೊನೆಗಳು ತಾವಾಗಿಯೇ ಮೂಡುತ್ತವೆ. ಕೊರೆಯುವುದೇನೂ ಇಲ್ಲ. ಕೀಸುವವನ ಕೈ ಒಂದು ಕೂದಲು ಆಚೀಚೆಯಾದರೆ ಮಾತ್ರ ಒಂದು ಮೊನೆ ಉದ್ದ, ಒಂದು ಗಿಡ್ಡ.

ಆದರೆ ಕೋಲಿನಿಂದ ಮಾಡುವುದು ಏನು ಎಂದು ತಿಳಿಯದೆ ಅದನ್ನು ರಿಪೇರಿ ಮಾಡುವುದು ಹೇಗೆ? ಅವಳು ಟೀಚರಿಗೆ ಫೋನ್ ಮಾಡಿದಳು. "ಟೀಚರ್, ನನಗೆ ಆ ಆಟ ನೋಡಬೇಕು."

ಹಾಗೆ ಅವರಿಬ್ಬರೂ ಬಂಟ್ವಾಳ ಬಸ್ಸು ಹತ್ತಿದರು. ಬಿ.ಸಿ. ರೋಡಿನ ಕಟ್ಟಡವೊಂದರ ಮೊದಲ ಮಾಳಿಗೆಯಲ್ಲಿ ಹಾರಿಸ್ ಎಂಬ ಯುವಕನ ಪಾರ್ಲರು. ಎರಡು ದೊಡ್ಡ ಮೇಜು, ಹಸಿರು ಬಟ್ಟೆ, ಮೇಲೆ ಸಾಲು ದೀಪ. ಇಬ್ಬರು ಹೆಂಗಸರು, ಅದರಲ್ಲೂ ಒಬ್ಬರು ಮಲ್ಲಿಗೆ ಮುಡಿದವರು, ಒಳಗೆ ಬಂದದ್ದನ್ನು ಕಂಡು ಆಡುತ್ತಿದ್ದ ಕಾಲೇಜು ಹುಡುಗರು ಕೋಲು ಎತ್ತಿದವರು ಎತ್ತಿದ ಹಾಗೆಯೇ ನಿಂತರು.

"ಯಾರನ್ನು ಹುಡುಕ್ತಿದ್ದೀರಿ ಅಕ್ಕ?" ಎಂದು ಹಾರಿಸ್ ಕೇಳಿದ. ಯಾವುದೋ ಹುಡುಗನ ತಾಯಿ ಮಗನನ್ನು ಎಳೆದುಕೊಂಡು ಹೋಗಲು ಬಂದಿದ್ದಾಳೆ ಎಂದೇ ಅವನ ಎಣಿಕೆ.

ಟೀಚರ್ ಸೀರೆಯ ಕಟ್ಟು ಬಿಚ್ಚಿದರು. ಹಾರಿಸ್ ಎದೆ ಹಿಡಿದುಕೊಂಡ. "ಯಾ ಅಲ್ಲಾ! ವೇಣು ಸರ್‌ದು! ಇದನ್ನು ಮುಟ್ಟಲಿಕ್ಕೂ ಬಿಡುದಿಲ್ಲ ಅವರು. ಕೊಂದವರು ಯಾರು?"

"ನಾನು," ಎಂದರು ಟೀಚರ್. "ನೀನು ಬಾಯಿ ಬಿಟ್ಟರೆ ಮುಂದಿನ ಸರದಿ ನಿನ್ನದು."

ಹಾರಿಸ್ ಒಳ್ಳೆಯವನು. ಬಾಯಿ ಬಿಡುವುದಿಲ್ಲವೆಂದು ಆಣೆಯಿಟ್ಟು, ಚಹಾ ತರಿಸಿ, ಕೋಲು ಹಿಡಿಯುವುದು ಹೇಗೆಂದು ತೋರಿಸಿದ. ಎಡಗೈಯನ್ನು ಮೇಜಿನ ಮೇಲೆ ಸೇತುವೆಯಂತೆ ಊರಿ, ಹೆಬ್ಬೆರಳಿನ ಬುಡದ ಸಂದಿನಲ್ಲಿ ಕೋಲನ್ನು ಜಾರಿಸಬೇಕು. ಹರಿಣಾಕ್ಷಿ ಪಾರ್ಲರಿನ ಕೋಲೊಂದನ್ನು ಹಾಗೆ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದಳು. ಎಳೆದವಳು ಥಟ್ಟನೆ ನಿಂತಳು. ಮುರಿದ ಜಾಗ ಇರುವುದು ಸರಿಯಾಗಿ ಇಲ್ಲಿ! ಪ್ರತಿ ಹೊಡೆತಕ್ಕೂ ಅವಳ ಬೆಸುಗೆ ಈ ಎಳೆಯ ಚರ್ಮದ ಮೇಲೆ ಹಾದುಹೋಗುತ್ತದೆ. ಕಣ್ಣಿಗೆ ಮೋಸ ಮಾಡಬಹುದು, ಈ ಚರ್ಮಕ್ಕೆ ಸಾಧ್ಯವಿಲ್ಲ.

"ಮರ ಯಾವುದು ಇದು?" ಎಂದು ಕೇಳಿದಳು.

"ಆ್ಯಶ್ ಅಂತ ಅಕ್ಕ. ಇಂಗ್ಲೆಂಡ್ ಕಡೆಯದ್ದು. ನೋಡಿ, ಬಾಣದ ಗುರುತಿನ ಹಾಗೆ ಗೆರೆ ಬರ್ತದೆ. ನಮ್ಮಲ್ಲಿ ಬೆಳೆಯುದಿಲ್ಲ." ಹಾರಿಸ್ ಮೂಲೆಯಿಂದ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಎಳೆದು ತಂದ. ಅದರ ತುಂಬ ಮುರಿದ ಕೋಲುಗಳು. "ಸೋತವರು ನೆಲಕ್ಕೆ ಬಡಿದದ್ದು. ಬಿಸಾಡಲಿಕ್ಕೆ ಮನಸ್ಸು ಬರುದಿಲ್ಲ. ಎಲ್ಲ ಅದೇ ಮರ, ಬೇಕಾದ್ದು ಆರಿಸಿಕೊಳ್ಳಿ."

ಹರಿಣಾಕ್ಷಿ ನೆಲದ ಮೇಲೆ ಕುಳಿತು, ಸೀರೆ ಆರಿಸುವವರ ಹಾಗೆ ಒಂದೊಂದೇ ತುಂಡನ್ನು ಬೆಳಕಿಗೆ ಹಿಡಿದು ಗೆರೆಗೆ ಗೆರೆ ಕೂಡಿಸಿ ನೋಡಿದಳು. ಗಂಟೆ ಕಳೆದ ಮೇಲೆ ಒಂದು ತುಂಡು ಸಿಕ್ಕಿತು. ಹಳೆಯ ಕೋಲಿನ ಬಾಣದ ಗುರುತು ಎಲ್ಲಿ ನಿಂತಿತ್ತೋ ಇದರದ್ದು ಅಲ್ಲಿಂದಲೇ ಹೊರಟ ಹಾಗಿತ್ತು. ಖುಷಿಯಿಂದ ಟೀಚರನ್ನು ಕರೆಯಲು ತಿರುಗಿದರೆ ಟೀಚರ್ ಮೇಜಿನ ಮೇಲೆ ಬಗ್ಗಿದ್ದರು. ಸೆರಗು ಸೊಂಟಕ್ಕೆ ಬಿಗಿದಿತ್ತು.

"ಬಿದ್ದ ಕೋನ, ಎದ್ದ ಕೋನ ಎರಡೂ ಸಮ ಅಲ್ವಾ?" ಎಂದು ಅವರು ಯಾರಿಗೋ ಪಾಠ ಹೇಳುವಂತೆ ಕೇಳಿ, ಬಿಳಿ ಚೆಂಡನ್ನು ಅಂಚಿಗೆ ಹೊಡೆದರು. ಅದು ಅಂಚಿಗೆ ಬಡಿದು ಹಿಂದಿರುಗಿ ಕೆಂಪು ಚೆಂಡನ್ನು ಮೂಲೆಯ ಚೀಲದ ಬಾಯಿಯವರೆಗೆ ಒಯ್ದು ನಿಲ್ಲಿಸಿತು. ಕಾಲೇಜು ಹುಡುಗರು ಛೇ ಎಂದರು. ಎರಡನೆಯ ಸಲ ಚೆಂಡು ಚೀಲಕ್ಕೇ ಬಿತ್ತು. ಹುಡುಗರು ಚಪ್ಪಾಳೆ ತಟ್ಟಿದರು. ಟೀಚರ್ ಮುಖ ಕೆಂಪಾಯಿತು.

"ಇಷ್ಟೇನಾ ಇದು?" ಎಂದರು. ಆದರೆ ಕೋಲು ಕೆಳಗಿಡಲಿಲ್ಲ. ಮೂಡುಬಿದಿರೆಗೆ ಹೋಗುವ ಕೊನೆಯ ಬಸ್ಸೊಂದನ್ನು ಬಿಟ್ಟು ಉಳಿದವೆಲ್ಲ ತಪ್ಪಿದವು. ಆ ಮೇಲೆ ಟೀಚರಿಗೆ ಬಿ.ಸಿ. ರೋಡಿನಲ್ಲಿ ಎರಡು ದಿನಕ್ಕೊಮ್ಮೆ ಏನಾದರೊಂದು ಕೆಲಸ ಬೀಳತೊಡಗಿತು.

ಇತ್ತ ಹರಿಣಾಕ್ಷಿ ಅಟ್ಟದಿಂದ ಅಪ್ಪನ ಕೀಸುಳಿಗಳನ್ನು ಇಳಿಸಿದಳು. ಅಲಗು ಮಸೆಯಲಿಕ್ಕೇ ಒಂದು ದಿನ ಬೇಕಾಯಿತು. ಹಳೆಯ ಕೋಲಿನ ತುದಿಯನ್ನೂ ಹೊಸ ತುಂಡಿನ ಬುಡವನ್ನೂ ಆರು ಬೆರಳಿನ ಉದ್ದಕ್ಕೆ ಓರೆಯಾಗಿ ಕೀಸಿ, ಒಂದರ ಮೇಲೊಂದು ಮಲಗಿಸಿ, ದೀಪಕ್ಕೆ ಹಿಡಿದು ನೋಡಿದಳು. ನಡುವೆ ಬೆಳಕು ತೂರಿತು. ಮತ್ತೆ ಕೀಸಿದಳು. ಮತ್ತೆ ಬೆಳಕು. ಏಳನೆಯ ಸಲಕ್ಕೆ ಕತ್ತಲಾಯಿತು. ಅಂಟು ಹಚ್ಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಎರಡು ದಿನ ಮುಟ್ಟದೆ ಇಟ್ಟಳು. ಆಮೇಲೆ ಗುಂಡಗೆ ಕೀಸುವ ಕೆಲಸ. ನಾಲ್ಕು ಸಲ ಕೀಸುಳಿ ಆಡಿಸಿದರೆ ಒಂದು ಸಲ ಹೆಬ್ಬೆರಳಿನ ಸಂದಿನಲ್ಲಿ ಜಾರಿಸಿ ನೋಡುವುದು. ಅಲ್ಲಿ ಏನೋ ತಡೆದಂತಾದರೆ ಮರಳುಕಾಗದ. ಹಳೆಯ ತುದಿಯಿಂದ ಹಿತ್ತಾಳೆಯ ಬಳೆ ಬಿಚ್ಚಿ ಹೊಸದಕ್ಕೆ ಕೂರಿಸಿದಳು. ಅದರ ಮುಖಕ್ಕೆ ಹಾರಿಸ್ ಕೊಟ್ಟ ಚರ್ಮದ ಬಿಲ್ಲೆ ಅಂಟಿಸಿದಳು.

ಎಲ್ಲ ಮುಗಿದು ಹಿಡಿಯ ಕಡೆಯನ್ನು ಎಣ್ಣೆಯ ಬಟ್ಟೆಯಲ್ಲಿ ಒರೆಸುವಾಗ ಒಂದು ವಿಚಿತ್ರವಾಯಿತು. ಬಟ್ಟೆಗೆ ಕಪ್ಪು ಹತ್ತಿತು. ಕರಿಮರ ಬಣ್ಣ ಬಿಡುವುದಿಲ್ಲ. ಅವಳು ಮೂಸಿ ನೋಡಿದಳು. ಬೂಟಿಗೆ ಹಚ್ಚುವ ಪಾಲಿಶಿನ ವಾಸನೆ! ಅದು ಬಂದದ್ದು ಒಂದೇ ಮಗ್ಗುಲಿನಿಂದ. ಅಲ್ಲಿ ಚೆನ್ನಾಗಿ ಒರೆಸಿ ಬಿಸಿಲಿಗೆ ಹಿಡಿದಳು. ಮೂರು ಮೊನೆಗಳು ಇದ್ದಿಲಿನಷ್ಟು ಕಪ್ಪು. ನಾಲ್ಕನೆಯದೂ ಕರಿಮರವೇ, ಆದರೆ ಅದರೊಳಗೆ ಜೋನಿಬೆಲ್ಲದ ಬಣ್ಣದ ಸಣ್ಣ ಎಳೆಯೊಂದು ಓಡಿತ್ತು. ಆ ಪಟ್ಟಿಯನ್ನು ಲಂಡನ್‌ನವನು ಕೂರಿಸಿದ್ದಲ್ಲ. ಆಮೇಲೆ ಯಾರೋ ಕೂರಿಸಿದ್ದು. ಕೂರಿಸಿದವನ ಕೈ ಎಂಥದ್ದೆಂದರೆ ಸೇರಿದ ಜಾಗಕ್ಕೆ ಅವಳ ಉಗುರು ಸಿಗಲಿಲ್ಲ. ಮೊನೆ ಮಿಕ್ಕ ಮೂರಕ್ಕೆ ಸರಿಸಮವಾಗಿ ನಿಂತಿತ್ತು.

ಅವಳು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಳು. ಇಂಥ ಕೆಲಸ ಮಾಡಿದವನ ಮೇಲೆ ಬೂಟ್ ಪಾಲಿಶ್ ಬಳಿದಿದ್ದಾರಲ್ಲ! ಇಷ್ಟು ವರ್ಷ ಎಲ್ಲರೂ ಈ ಕೋಲನ್ನು ಹೊಗಳಿದ್ದಾರೆ, ಅವನನ್ನು ಒಬ್ಬರೂ ಹೊಗಳಿಲ್ಲ.

ಹದಿನೇಳನೆಯ ದಿನ ಟೀಚರ್ ಬಂದು ಕೋಲು ನೋಡಿದರು. ಹಿಗ್ಗಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಬೆಸುಗೆಯ ಜಾಗದಲ್ಲಿ ಕೂದಲೆಳೆಯಂಥ ಗೆರೆಯನ್ನು ಕಂಡರು.

"ಇದು ಕಾಣ್ತದೆ ಹರಿಣಾಕ್ಷಿ. ಇದಕ್ಕೆ ಸ್ವಲ್ಪ ಬಣ್ಣ ಹಾಕು."

"ಹಾಕುದಿಲ್ಲ ಟೀಚರ್."

ಟೀಚರ್ ಹುಬ್ಬು ಏರಿತು. ಹರಿಣಾಕ್ಷಿಗೆ ಹತ್ತನೆಯ ತರಗತಿಯ ಬೆಂಚು ನೆನಪಾಯಿತು. ಆದರೂ ಹೇಳಿದಳು. "ನೀವೇ ಹೇಳ್ತಿದ್ರಿ. ಉತ್ತರ ಮಾತ್ರ ಬರೆದರೆ ಅಂಕ ಇಲ್ಲ, ಹೆಜ್ಜೆಯೂ ಕಾಣಬೇಕು ಅಂತ. ಇದು ನನ್ನ ಹೆಜ್ಜೆ ಟೀಚರ್. ಅಳಿಸ್ಲಿಕ್ಕೆ ನನಗೆ ಮನಸ್ಸಿಲ್ಲ."

ಟೀಚರ್ ಆ ಗೆರೆಯ ಮೇಲೆ ಒಮ್ಮೆ ಉಗುರು ಆಡಿಸಿದರು. ಕೊನೆಗೆ ಕೋಲನ್ನು ಸೀರೆಯಲ್ಲಿ ಸುತ್ತುತ್ತ, "ಆಗ ಮೂವತ್ತಾರು ಕೊಟ್ಟದ್ದು ನನ್ನದೇ ತಪ್ಪು," ಎಂದು ಗೊಣಗಿದರು. ನಾಲ್ಕನೆಯ ಮೊನೆಯ ವಿಚಾರವನ್ನು ಹರಿಣಾಕ್ಷಿ ಅವರಿಗೆ ಹೇಳಲಿಲ್ಲ. ಅದು ಇನ್ನೊಬ್ಬರ ಗುಟ್ಟು ಎಂದು ಅವಳಿಗೆ ಹೇಗೋ ಅನ್ನಿಸಿತ್ತು.

ವೇಣುಗೋಪಾಲ ಬಂದರು. ಗಂಗಾಜಲ ಹಂಚಿದರು. ಭಾನುವಾರ ಕಾರು ತೆಗೆದು ಬಿ.ಸಿ. ರೋಡಿಗೆ ಹೊರಟಾಗ, ನಲವತ್ತು ವರ್ಷದಲ್ಲಿ ಒಮ್ಮೆಯೂ ಜೊತೆಗೆ ಬಾರದ ಹೆಂಡತಿ ತಾನೂ ಬರುತ್ತೇನೆ ಎಂದರು. ದಾರಿಯಲ್ಲಿ ಬೆಳುವಾಯಿಗೆ ಸುತ್ತಿ ಹರಿಣಾಕ್ಷಿಯನ್ನೂ ಹತ್ತಿಸಿಕೊಂಡರು. "ನನ್ನ ಹಳೆಯ ವಿದ್ಯಾರ್ಥಿನಿ, ಅವಳಿಗೆ ಆಟ ನೋಡಬೇಕಂತೆ," ಎಂದರು ಟೀಚರ್. ಸರ್‌ಗೆ ಆಗಲೇ ಏನೋ ಸಂಶಯ ಬಂದಿರಬೇಕು. ಪಾರ್ಲರಿನಲ್ಲಿ ಕಾಲೇಜು ಹುಡುಗರು ಎದ್ದು ನಿಂತು "ನಮಸ್ತೆ ಟೀಚರ್, ಇವತ್ತು ಲೇಟಾ?" ಎಂದಾಗ ಅದು ಇನ್ನಷ್ಟು ಬಲವಾಯಿತು.

ಅವರು ಬಗ್ಗಿ ಕೋಲನ್ನು ಬೆರಳ ಸಂದಿನಲ್ಲಿ ಎರಡು ಸಲ ಜಾರಿಸಿದರು. ಎಲ್ಲಿಯೂ ತಡೆಯಲಿಲ್ಲ. ಹರಿಣಾಕ್ಷಿ ಉಸಿರು ಬಿಟ್ಟಳು. ಚೆಂಡು ಹೊಡೆದರು, ಬಿತ್ತು. ಇನ್ನೊಂದು ಹೊಡೆದರು, ಅದೂ ಬಿತ್ತು. ಮೂರನೆಯದಕ್ಕೆ ಬಗ್ಗಿದವರು ಹಾಗೆಯೇ ನಿಂತರು.

"ಶಂಕರಿ, ಇದರ ಸ್ವರ ಬದಲಾಗಿದೆ."

"ಸ್ವರವಾ? ಕೋಲಿಗೆ ಎಂತ ಸ್ವರ?"

"ಮೊದಲು ಠಕ್ ಅಂತಿತ್ತು. ಈಗ ಟಿಕ್ ಅಂತದೆ." ಅವರು ಕೋಲನ್ನು ದೀಪದ ಕೆಳಗೆ ಹಿಡಿದು ತಿರುಗಿಸಿದರು. ಗೆರೆ ಸಿಕ್ಕಿತು.

ಟೀಚರ್ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕನ್ನಡಕ, ಕಪಾಟು, ಸನ್ನೆಗೋಲು ಯಾವುದನ್ನೂ ಬಿಡಲಿಲ್ಲ. ಸರ್ ಮುಖ ಗಂಟಾಯಿತು. "ನೂರು ವರ್ಷ ಒಬ್ಬರೂ ಕೈ ಹಾಕದ ಕೋಲು. ಲಂಡನ್‌ನಿಂದ ಬಂದದ್ದು ಬಂದ ಹಾಗೆಯೇ ಇತ್ತು..." ಎಂದು ಶುರುಮಾಡಿದರು. ಟೀಚರ್ ತಲೆ ತಗ್ಗಿತು. ಅದನ್ನು ನೋಡಲು ಹರಿಣಾಕ್ಷಿಯಿಂದ ಆಗಲಿಲ್ಲ.

"ಸರ್," ಎಂದಳು, "ಹಿಡಿಯ ಕಡೆ ನಾಲ್ಕನೆಯ ಮೊನೆ ಯಾರು ಕೂರಿಸಿದ್ದು?"

ಸರ್ ಕೈ ತಾನಾಗಿಯೇ ಹಿಡಿಯ ಮೇಲೆ ಬಿದ್ದು ಆ ಮೊನೆಯನ್ನು ಮುಚ್ಚಿತು.

"ತಪ್ಪು ತಿಳಿಯಬೇಡಿ. ನಾನು ಅಷ್ಟು ಚಂದದ ಕೆಲಸ ಈವರೆಗೆ ನೋಡಿಲ್ಲ. ಅವರ ಹೆಸರು ಬೇಕಿತ್ತು, ಅಷ್ಟೇ."

ಟೀಚರ್ ನಿಧಾನವಾಗಿ ತಲೆಯೆತ್ತಿದರು. "ಎಂತ ಮೊನೆ?" ಎಂದು ಗಂಡನ ಮುಖವನ್ನೇ ನೋಡಿದರು. ತರಗತಿಯಲ್ಲಿ ಕೊನೆಯ ಬೆಂಚಿನವನನ್ನು ನೋಡುತ್ತಿದ್ದ ನೋಟ ಅದು. ಸರ್ ಕುರ್ಚಿ ಎಳೆದು ಕುಳಿತರು, ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿದರು, ಹಾರಿಸ್ ಕೊಟ್ಟ ನೀರು ಕುಡಿದರು. ನಂತರ ಹೊರಬಂತು. ಎಂಬತ್ತೇಳನೆಯ ಇಸವಿ. ಕ್ಲಬ್ಬಿನಲ್ಲಿ ಒಂದೇ ಒಂದು ಅಂಕದಿಂದ ಎಸ್ಟೇಟ್ ಮ್ಯಾನೇಜರನಿಗೆ ಸೋತ ಸಿಟ್ಟಿನಲ್ಲಿ ಇವರು ಕೋಲನ್ನು ನೆಲಕ್ಕೆ ಕುಟ್ಟಿದ್ದರು. ಒಂದು ಮಗ್ಗುಲಿನ ಕರಿಮರ ಸಿಡಿದು ಹಾರಿ ಚಳಿ ಕಾಯಿಸುವ ಬೆಂಕಿಗೆ ಬಿದ್ದು ಉರಿದುಹೋಯಿತು. ಮರುದಿನ ಊರಿಗೆ ಬರಬೇಕು. ಹೊಸದಾಗಿ ಮದುವೆಯಾದ ಹೆಂಡತಿಯ ಎದುರು ಆ ಕೋಲಿನ ಬಗ್ಗೆ ಕೊಚ್ಚಿಕೊಂಡದ್ದು ಒಂದೆರಡಲ್ಲ. ಘಾಟಿ ಇಳಿದ ಬಸ್ಸು ಚಾರ್ಮಾಡಿಯಲ್ಲಿ ಚಹಾಕ್ಕೆ ನಿಂತಾಗ ರಸ್ತೆ ಬದಿಯಲ್ಲಿ ನೊಗ, ನೇಗಿಲು ಮಾಡುವ ಬಡಗಿಯೊಬ್ಬ ಕಂಡ. ಇವರು ಅಲ್ಲಿಯೇ ಇಳಿದುಬಿಟ್ಟರು. ಬೂಟ್ ಪಾಲಿಶು ಆಮೇಲೆ ಇವರೇ ಬಳಿದದ್ದು.

"ರಜೆ ಸಿಗಲಿಲ್ಲ, ನಾಲ್ಕು ದಿನ ತಡವಾಯ್ತು ಅಂತ ಹೇಳಿದ್ದು ಅದಕ್ಕಾ?" ಎಂದರು ಟೀಚರ್.

"ಹೌದು."

"ನಾನು ಗಂಜಿ ಬಿಟ್ಟು ಕೂತಿದ್ದೆ!"

"ಗೊತ್ತುಂಟು. ಈಗ ಇಬ್ಬರದ್ದೂ ಸಮ ಅಲ್ವಾ?" ಎಂದರು ಸರ್ ಅಂಜುತ್ತ. ಟೀಚರ್ ನಗು ಕಟ್ಟೆಯೊಡೆಯಿತು. ಅದರ ಬೆನ್ನಿಗೇ ಹಾರಿಸ್, ಹುಡುಗರು, ಕೊನೆಗೆ ಸರ್ ಕೂಡ ನಕ್ಕರು. ಹರಿಣಾಕ್ಷಿ ಮಾತ್ರ ಪಟ್ಟು ಬಿಡಲಿಲ್ಲ. "ಹೆಸರು ಸರ್?"

"ಮಾಯಿಲಪ್ಪ," ಎಂದರು ಅವರು.

ಮುಂದಿನ ವಾರ ಮೂವರೂ ಚಾರ್ಮಾಡಿಗೆ ಹೋದರು. ಬಡಗಿಯ ಅಂಗಡಿ ಇದ್ದಲ್ಲಿ ಈಗ ಹೋಟೆಲು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹೆಂಗಸು ಮೇಲಿನ ಮನೆಗೆ ಕೈ ತೋರಿಸಿದಳು. ಅಂಗಳದಲ್ಲಿ ಎಂಬತ್ತು ದಾಟಿದ ಮುದುಕರೊಬ್ಬರು ಬಿಸಿಲಿಗೆ ಬೆನ್ನು ಕೊಟ್ಟು, ಕತ್ತಿಗೆ ಹಿಡಿ ಹಾಕುತ್ತಿದ್ದರು. "ಬಲೆ ಬಲೆ, ಕುಲ್ಲುಲೆ," ಎಂದು ತುಳುವಿನಲ್ಲಿ ಕರೆದು ಚಾಪೆ ತೋರಿಸಿದರು. ಕಣ್ಣು ಮಂಜಾಗಿತ್ತು. ಬಂದವರು ಯಾರೆಂದು ಕೇಳುವ ಮೊದಲೇ ಕೈ ಚಾಚಿ ಕೋಲು ತೆಗೆದುಕೊಂಡರು. ಬೆರಳು ಹಿಡಿಯ ಮೇಲೆ ಹರಿದು ನಾಲ್ಕನೆಯ ಮೊನೆಯ ಬಳಿ ನಿಂತಿತು.

"ಇದು ನಮ್ಮ ಅತ್ತೆಯ ಒನಕೆ," ಎಂದರು.

"ಒನಕೆಯಾ!" ಸರ್ ಬೆಚ್ಚಿದರು.

"ಕರಿಮರ ಆ ಹೊತ್ತಿಗೆ ಬೇರೆ ಎಲ್ಲಿ ಸಿಗ್ತದೆ ಬ್ಯಾಂಕಿನವರೇ? ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು." ಮಾಯಿಲಪ್ಪ ಕಿಸಕ್ಕನೆ ನಕ್ಕರು. ನಲವತ್ತು ವರ್ಷ ತಾನು ಲಂಡನ್ನಿನದೆಂದು ಮೆರೆಸಿದ ಕೋಲಿನಲ್ಲಿ ಚಾರ್ಮಾಡಿಯ ಒನಕೆಯೂ ಇದೆ ಎಂಬುದು ಸರ್ ಮುಖದಲ್ಲಿ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮುದುಕರ ಬೆರಳು ತುದಿಯ ಕಡೆ ಜಾರಿ ಮತ್ತೆ ನಿಂತಿತ್ತು.

"ಇದು ಯಾರದ್ದು?"

"ನನ್ನದು ಅಜ್ಜ," ಎಂದಳು ಹರಿಣಾಕ್ಷಿ.

"ಓರೆ ಎಷ್ಟು ತೆಗೆದದ್ದು?"

"ಆರು ಬೆರಳು."

"ಸಾಲದು. ಎಂಟು ಬೇಕಿತ್ತು. ಓರೆ ಉದ್ದವಾದಷ್ಟು ಎರಡು ಮರ ಒಂದಾಗ್ತದೆ. ಹೊಡೆದರೆ ಸ್ವರ ಸಣ್ಣ ಬರ್ತದಾ?"

ಸರ್ ಮತ್ತು ಟೀಚರ್ ಮುಖ ಮುಖ ನೋಡಿಕೊಂಡರು. ಹರಿಣಾಕ್ಷಿ ತಲೆಯಾಡಿಸಿದಳು. ಅವಮಾನವಾಗಬೇಕಿತ್ತು. ಆದರೆ ಇಪ್ಪತ್ತು ವರ್ಷದಲ್ಲಿ ಅವಳ ಕೆಲಸದ ತಪ್ಪನ್ನು ಬೆರಳಿಟ್ಟು ತೋರಿಸಿದವರು, ಅಪ್ಪನ ನಂತರ, ಇವರೊಬ್ಬರೇ. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು.

"ಕೈ ಒಳ್ಳೆಯದುಂಟು," ಎಂದರು ಮಾಯಿಲಪ್ಪ ತಡವಾಗಿ. "ಅದಿರಲಿ, ನನಗೆ ಒಂದು ಗೊತ್ತಾಗಬೇಕು. ಈ ಕೋಲಿನಲ್ಲಿ ಮಾಡುದೆಂತ? ಆಗ ಕೇಳಿದ್ದಕ್ಕೆ ಇವರು ಬಾಯಿ ಬಿಡ್ಲಿಲ್ಲ. ಪೊಲೀಸರದ್ದು ಅಂತ ನಾನು ತಿಳಿದಿದ್ದೆ."

ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಪಕ್ಕದಲ್ಲಿ ಒಣಗಲು ಹಾಕಿದ್ದ ಅಡಿಕೆಯಿಂದ ಎರಡು ಗುಂಡನೆಯ ಗೋಟಡಿಕೆ ಆರಿಸಿ ಅಂಗಳದಲ್ಲಿಟ್ಟು, ಮಂಡಿಯೂರಿ, ಒಂದರಿಂದ ಇನ್ನೊಂದನ್ನು ಹೊಡೆದು ತೋರಿಸಿದರು. ಮಾಯಿಲಪ್ಪ ಮುಂದಕ್ಕೆ ಬಾಗಿ ಕಿವಿಗೊಟ್ಟು ಕೇಳಿದರು. ತಾನೂ ಒಂದು ಹೊಡೆದರು. ಗೋಟು ಹಾರಿ ಕೋಳಿಗೂಡಿನೊಳಗೆ ಬಿದ್ದು ದೊಡ್ಡ ರಂಪವೇ ಆಯಿತು.

"ಇಷ್ಟಕ್ಕೆ ಇಷ್ಟು ಕೆಲಸವಾ!" ಎಂದು ಅವರು ನಕ್ಕು ನಕ್ಕು ಕೆಮ್ಮಿದರು. ಆದರೆ ಬಂದವರು ಹೊರಡುವ ಹೊತ್ತಿಗೆ ಅಟ್ಟದಿಂದ ಉಳಿದರ್ಧ ಒನಕೆಯನ್ನು ಇಳಿಸಿ ಹರಿಣಾಕ್ಷಿಯ ಕೈಗೆ ಕೊಟ್ಟರು. "ಇದರಲ್ಲಿ ನೀನೇ ಒಂದು ಕೋಲು ಮಾಡು. ಬಿಳಿ ಮರದ ಬದಲಿಗೆ ಹಳೆಯ ಜಂತಿಯ ತೇಗ ನೋಡು. ಎಂಟು ಬೆರಳಿನ ಲೆಕ್ಕ ಮರೀಬೇಡ. ಪ್ರತಿ ಬುಧವಾರ ತಂದು ತೋರಿಸು."

ಹಾಗೆ ಒಂದು ಹೊಸ ಕೋಲು ಶುರುವಾಯಿತು. ಮೊದಲನೆಯದು ಬಿಲ್ಲಿನಂತೆ ಬಾಗಿತು. ಎರಡನೆಯದರಲ್ಲಿ ಒಂದು ಮೊನೆ ಗಿಡ್ಡವಾಯಿತು. ಮಾಯಿಲಪ್ಪ ಅದನ್ನು ಬೆರಳಿನಿಂದಲೇ ಕಂಡುಹಿಡಿದು ಚಹಾ ಕೂಡ ಕೊಡದೆ ವಾಪಸು ಕಳಿಸಿದರು. ಮೂರನೆಯದು ನೆಟ್ಟಗೆ ಬಂತು. ಅದು ಶಂಕರಿ ಟೀಚರದ್ದು ಎಂದು ಯಾರೂ ತೀರ್ಮಾನ ಮಾಡಲಿಲ್ಲ, ಟೀಚರೇ ಎತ್ತಿಕೊಂಡರು.

ಅದರ ಮೊದಲ ಆಟಕ್ಕೆ ಸರ್ ಕಾರಿನಲ್ಲಿ ಹೋಗಿ ಮಾಯಿಲಪ್ಪನವರನ್ನು ಬಿ.ಸಿ. ರೋಡಿಗೆ ಕರೆತಂದರು. ಹಾರಿಸ್ ಅವರಿಗೆ ಎಲ್ಲಕ್ಕಿಂತ ಒಳ್ಳೆಯ ಕುರ್ಚಿ ಹಾಕಿದ. ಅವರು ಐದು ನಿಮಿಷವೂ ಅದರಲ್ಲಿ ಕೂರಲಿಲ್ಲ. ಎದ್ದು ಮೇಜಿನ ಹಸಿರು ಬಟ್ಟೆ ಸವರಿದರು, ಅದರಡಿಯ ಕಲ್ಲಿನ ಹಾಸನ್ನು ಬೆರಳಿನಿಂದ ಬಡಿದು ನೋಡಿದರು. ಅಂಚು ಸವರಿದರು. ಕೈ ಕೆಳಗಿಳಿದು ಆನೆಯ ಕಾಲಿನಷ್ಟು ದಪ್ಪದ ಕಾಲು ಮುಟ್ಟಿತು.

"ಇಷ್ಟು ಭಾರದ ಕಲ್ಲನ್ನು ಈ ಕಾಲು ಹೇಗೆ ಹೊರ್ತದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಲುಂಗಿ ಮೇಲಕ್ಕೆ ಕಟ್ಟಿ ಮೇಜಿನಡಿಗೆ ನುಸುಳಿಬಿಟ್ಟರು. ಹರಿಣಾಕ್ಷಿ ಫೋನಿನ ಟಾರ್ಚ್ ಹಚ್ಚಿಕೊಂಡು ಹಿಂದೆಯೇ ನುಸುಳಿದಳು. ಮೇಲೆ ಗಂಡ ಹೆಂಡತಿಯ ಜಗಳ ನಡೆದಿತ್ತು, ಅಂಚಿಗೆ ತಾಗಿತು, ತಾಗಲಿಲ್ಲ ಎಂದು. ಕೆಳಗೆ ಇವರಿಬ್ಬರೂ ಅಂಗಾತ ಮಲಗಿ, ಅಡ್ಡತೊಲೆ ಕಾಲಿನೊಳಗೆ ಹೊಕ್ಕ ಜಾಗವನ್ನು ಬೆಳಕು ಹಿಡಿದು ನೋಡುತ್ತಿದ್ದರು.

"ಇಲ್ಲಿ ಬೆಳಕು ತಾ. ಹಾಂ, ಹಾಗೆ," ಎಂದರು ಮಾಯಿಲಪ್ಪ. "ನೋಡಿದೆಯಾ, ಇದನ್ನು ಮಾಡಿದವನು ಬೆಣೆ ಹೊಡೆದದ್ದು ಹೊರಗಿನಿಂದಲ್ಲ."

"ಮತ್ತೆ ಎಲ್ಲಿಂದ ಅಜ್ಜ?"

ಮೂಲೆಯ ಬಲೆಯ ಚೀಲಕ್ಕೆ ಕೆಂಪು ಚೆಂಡೊಂದು ಧೊ‌ಪ್ಪೆಂದು ಬಿತ್ತು. ಮೇಲೆ ಟೀಚರ್ ಕೇಕೆ ಹಾಕಿದರು. ಮಾಯಿಲಪ್ಪ ಅತ್ತ ತಿರುಗಿಯೂ ನೋಡದೆ ಹರಿಣಾಕ್ಷಿಯ ಕೈ ಹಿಡಿದು, ಅವಳ ಬೆರಳನ್ನು ತೊಲೆಯ ಒಳಮೂಲೆಯಲ್ಲಿದ್ದ ಬೆಣೆಯ ತಲೆಗೆ ತಾಗಿಸಿದರು.